ಸಾವಕಾರ ಅಂದಾನಪ್ಪನ ಕಿವಿ

ನರಗುಂದದ ಪೇಟೆಯಲ್ಲಿ ಅಂದಾನಪ್ಪ ಕಡಲೆಯ ಚೀಲಕ್ಕೆ ಕೈಹಾಕಿ, ಒಂದು ಹಿಡಿ ಕಾಳು ತೆಗೆದು, ಅದರಲ್ಲೊಂದನ್ನು ಹಲ್ಲಿನ ನಡುವೆ ಕಟ್ಟೆಂದು ಕಡಿದು, “ಹಸೀ ಐತಿ, ಇನ್ನೂ ಎರಡ ಬಿಸಲ ಬೇಕು” ಎಂದರೆ ಅದಕ್ಕೆ ಎದುರು ಮಾತಿರಲಿಲ್ಲ. ಅಪ್ಪನ ಕಾಲದಿಂದ ಬಂದ ದಲಾಲಿ ಅಂಗಡಿ ಅವನದು. ಮಾಲು ತಂದ ರೈತನೂ ಅವನ ಬಾಯಿ ನೋಡುತ್ತಿದ್ದ, ಕೊಳ್ಳಲು ಬಂದ ವ್ಯಾಪಾರಿಯೂ ಅವನ ಬಾಯಿ ನೋಡುತ್ತಿದ್ದ. ಅರವತ್ತು ದಾಟಿದ ಮೇಲೆ ಅಂಗಡಿಯನ್ನು ಮಗ ಅನಿಲಕುಮಾರನಿಗೆ ಬಿಟ್ಟುಕೊಟ್ಟರೂ ಮಾಲು ನೋಡಿ ಮಾತು ಹೇಳುವ ಕೆಲಸವನ್ನು ಮಾತ್ರ ಬಿಟ್ಟಿರಲಿಲ್ಲ. ಹೇಳುವುದೆಂದರೆ ಅವನಿಗೆ ಅಷ್ಟು ಇಷ್ಟ.

ಇಂಥವನಿಗೆ ಜಾಝ್ ಸಂಗೀತದ ಹುಚ್ಚು ಹಿಡಿಸಿದವನು ಚಿಕ್ಕನರಗುಂದದ ಸಿದ್ದಾರೂಢ. ಇಬ್ಬರೂ ಸಾಲೆಯಲ್ಲಿ ಒಂದೇ ಬೆಂಚಿನವರು. ಸಿದ್ದಾರೂಢ ಹತ್ತನೆಯ ಇಯತ್ತೆ ಮುಗಿಸಿ ಬೆಳಗಾವಿಗೆ ಹೋಗಿ ಮಿಲಿಟರಿ ಸೇರಿದ. ಅವನ ಎದೆಯ ಹರವು ನೋಡಿ ಅಲ್ಲಿ ಅವನನ್ನು ಬ್ಯಾಂಡಿಗೆ ಹಾಕಿದರು. ಬಂದೂಕು ಹಿಡಿಯಬೇಕಾದ ಕೈಗೆ ಸ್ಯಾಕ್ಸೋಫೋನ್ ಬಂತು. ಹಗಲು ಪರೇಡಿನ ಬಾಜಾ, ಸಂಜೆ ಸಾಹೇಬರ ಊಟದ ಮನೆಯಲ್ಲಿ ಕುಣಿತದ ಬಾಜಾ. ರಜೆಗೆ ಊರಿಗೆ ಬರುವಾಗ ಒಮ್ಮೆ ಟ್ರಂಕಿನಂಥ ಒಂದು ರೆಕಾರ್ಡ್ ಪ್ಲೇಯರನ್ನೂ ಯಾರೋ ಸಾಹೇಬ ಕೊಟ್ಟ ಹಳೆಯ ಹಾಡಿನ ತಟ್ಟೆಗಳನ್ನೂ ಹೊತ್ತು ತಂದ. ತನ್ನೂರಿನಲ್ಲಿ ಆಗ ಕರೆಂಟಿನ ಭರವಸೆ ಇರಲಿಲ್ಲವೆಂದು ಎಲ್ಲವನ್ನೂ ಅಂದಾನಪ್ಪನ ಅಂಗಡಿಯ ಮಾಳಿಗೆಯ ಮೇಲೆ ಇಟ್ಟ.

ಮೊದಲ ಸಲ ಕೇಳಿದಾಗ ಅಂದಾನಪ್ಪನಿಗೆ ನಗು ಬಂದಿತ್ತು. “ಇದೇನೋ, ಸಂತ್ಯಾಗ ಎಲ್ಲಾರೂ ಒಮ್ಮೆಲೆ ಒದರಿದಂಗ ಐತಲ್ಲೋ” ಎಂದಿದ್ದ.

“ಒಬ್ಬಾಂವನ ಬೆನ್ನ ಹತ್ತಿ ಕೇಳು” ಎಂದ ಸಿದ್ದಾರೂಢ. “ಸಂತ್ಯಾಗ ನಿಮ್ಮಪ್ಪನ ದನಿ ಹುಡಕತಿಯಲ್ಲ, ಹಂಗ. ಅಂವಾ ಸಿಕ್ಕ ಅಂದ್ರ ಉಳದವರು ತಾವ ಸಿಗತಾರ.”

ಅಂದಾನಪ್ಪ ಹಾಗೆಯೇ ಕೇಳಿದ. ಆ ರಜೆ ಮುಗಿಯುವುದರೊಳಗೆ ಅವನಿಗೆ ಒಬ್ಬ ಸಿಕ್ಕಿದ್ದ, ಮರುವರ್ಷಕ್ಕೆ ಎಲ್ಲರೂ ಸಿಕ್ಕಿದ್ದರು.

ಸಿದ್ದಾರೂಢ ಪೆನ್ಶನ್ ಮೇಲೆ ಊರಿಗೆ ಬಂದು ನೆಲೆಸಿದ ಮೇಲೆ ರವಿವಾರದ ಮಧ್ಯಾಹ್ನ ಮಾಳಿಗೆಯ ಮೇಲೆ ಕೂಡುವುದು ರೂಢಿಯಾಯಿತು. ಮದುವೆ ಮುಂಜಿವೆಗಳಿಗೆ ಮೈಕು, ಸ್ಪೀಕರು ಬಾಡಿಗೆ ಕೊಡುವ ಖಾದರ ಒಮ್ಮೆ ಹಾಳಾದ ಪ್ಲೇಯರ್ ರಿಪೇರಿಗೆಂದು ಬಂದವನು ತಿರುಗಿ ಹೋಗಲೇ ಇಲ್ಲ. ತನ್ನ ಕೈಯಾರೆ ಆಂಪ್ಲಿಫಾಯರ್ ಕಟ್ಟಿ, ಎದೆಯೆತ್ತರದ ಎರಡು ಸ್ಪೀಕರ್ ತಂದು ಗೋಡೆಗೆ ಆನಿಸಿದ. ತಾಲೂಕು ದವಾಖಾನೆಯಲ್ಲಿ ನರ್ಸ್ ಆಗಿದ್ದ ನಿರ್ಮಲಾ ಹೆಸರುಬೇಳೆ ಕೇಳಲು ಅಂಗಡಿಗೆ ಬಂದ ಒಂದು ದಿನ ಮಾಳಿಗೆಯಿಂದ ಹೆಣ್ಣುಮಗಳೊಬ್ಬಳ ಗೊಗ್ಗರು ದನಿ ಕೇಳಿ ಮೆಟ್ಟಿಲ ಬಳಿಯೇ ನಿಂತುಬಿಟ್ಟಳು. “ಯಾರ್ರೀ ಆಕಿ? ಇಷ್ಟ ದಣದ ಹಾಡ್ಲಿಕತ್ತಾಳ” ಎಂದಳು. ಅಂದಾನಪ್ಪ ಮೇಲೆ ಕರೆದ. ಅಂದಿನಿಂದ ನಾಲ್ಕು ಮಂದಿ.

ಇಂಗ್ಲಿಷ್ ಹೆಸರುಗಳು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ಬಾರಿಸುವವರಿಗೆಲ್ಲ ತಾವೇ ಹೆಸರಿಟ್ಟಿದ್ದರು. ಒಂದು ತಟ್ಟೆಯಲ್ಲಿ ತುತ್ತೂರಿಯವನು ಊದುವುದಕ್ಕೆ ಮೊದಲು ಸಣ್ಣಗೆ ಕೆಮ್ಮುತ್ತಾನೆ, ಅವನು ‘ಕೆಮ್ಮಪ್ಪ’. ನಿರ್ಮಲಾ ಮೆಚ್ಚಿದ ಹಾಡುಗಾರ್ತಿ ‘ದಣದವ್ವ’. ಪಿಯಾನೋವನ್ನು ಒತ್ತಲೋ ಬೇಡವೋ ಎಂಬಂತೆ ಮುಟ್ಟುವವನು ‘ನಾಚಿಗ್ಗೇಡಿ’. ಹೆಸರು ತಿರುವುಮುರುವಾಗಿದೆ, ಅವನು ಬಹಳ ನಾಚಿಕೆಯವನು ಎಂದು ನಿರ್ಮಲಾ ಎಷ್ಟು ಸಲ ಹೇಳಿದರೂ ಖಾದರ ಇಟ್ಟ ಆ ಹೆಸರು ಹೋಗಲಿಲ್ಲ.

ವಾದವೂ ಆಗುತ್ತಿತ್ತು. ಖಾದರನಿಗೆ ಡ್ರಮ್ಮು ಮತ್ತು ದಪ್ಪ ತಂತಿಯ ಬಾಸ್ ಇದ್ದರೆ ಸಾಕು. ನಿರ್ಮಲಾಗೆ ಹೋಟೆಲಿನಲ್ಲಿಯೋ ಎಲ್ಲಿಯೋ ಜನರ ನಡುವೆ ಧ್ವನಿಮುದ್ರಿಸಿದ, ನಡುನಡುವೆ ಗ್ಲಾಸಿನ ಸಪ್ಪಳ ಕೇಳುವ ತಟ್ಟೆಗಳೇ ಬೇಕು. ಮುಚ್ಚಿದ ಕೋಣೆಯಲ್ಲಿ ಬಾರಿಸಿದ್ದು ಆಕೆಗೆ ಆಪರೇಷನ್ ಖೋಲಿಯ ಹಾಗೆ. ಅಂದಾನಪ್ಪ ಅದನ್ನು ಒಪ್ಪುತ್ತಿರಲಿಲ್ಲ. “ಗ್ಲಾಸ ಕೇಳಾಕ ಚಹಾದ ಅಂಗಡಿ ಐತಿ” ಎನ್ನುತ್ತಿದ್ದ. ಯಾವ ಊದುಗ ಎಲ್ಲಿ ಉಸಿರು ತೆಗೆದುಕೊಂಡ, ಯಾವನು ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದ ಎಂದು ಅವನು ಬಿಡಿಸಿ ಹೇಳುತ್ತಿದ್ದರೆ ಕೇಳುವುದಕ್ಕೆ ಚೆನ್ನಾಗಿರುತ್ತಿತ್ತು. ಹೀಗೆ ವರುಷಗಳು ಕಳೆದಂತೆ ತಟ್ಟೆ ಮುಗಿದ ಕೂಡಲೇ ಮೂವರೂ ಅವನ ಮುಖ ನೋಡುವುದು ರೂಢಿಯಾಯಿತು. ಸಿದ್ದಾರೂಢನಂತೂ ಜೀವಮಾನವೆಲ್ಲ ಬಾಜಾ ಬಾರಿಸಿದವನಾದರೂ ಮಾತಿನವನಲ್ಲ. “ನಾ ಊದಾಂವ. ಕೇಳಾಂವ ಅಂದಾನಪ್ಪ” ಎಂದುಬಿಡುತ್ತಿದ್ದ. ಆ ಮಾತು ಅಂದಾನಪ್ಪನಿಗೆ ಪೇಟೆಯ ಯಾವ ಮರ್ಯಾದೆಗಿಂತಲೂ ದೊಡ್ಡದಾಗಿತ್ತು.

ಕಿವಿ ಹೋದದ್ದು ಒಂದು ದಿನದಲ್ಲಿ ಅಲ್ಲ. ಮೊದಲು ಕುಕ್ಕರಿನ ಸೀಟಿ ಹೋಯಿತು. ಹೆಂಡತಿ ಚನ್ನವ್ವ ಒಳಗಿನಿಂದ “ಒಲಿ ಸಣ್ಣ ಮಾಡ್ರಿ ಅಂದ್ರ ಕುಂತೀರಲ್ಲ” ಎಂದು ಬಂದು ಬೈದಾಗ ಪೇಪರು ಓದುತ್ತಿದ್ದೆ ಎಂದ. ಆಮೇಲೆ ಫೋನಿನ ಗಂಟೆ, ಮುಂಜಾನೆಯ ಗುಬ್ಬಿ. ಗದ್ದಲದಲ್ಲಿ ಮಾತು ಕೇಳದಾದಾಗ ಎದುರಿನವನ ತುಟಿ ನೋಡುವುದನ್ನು ತನಗರಿವಿಲ್ಲದೆಯೇ ಕಲಿತ. ಕಿವಿ ತೋರಿಸಿರೆಂದು ಚನ್ನವ್ವ ಹೇಳಿದಳು, ಅನಿಲಕುಮಾರ ಹೇಳಿದ. “ನೀವು ಬಾಯಾಗ ಮಾತಾಡತೀರಿ” ಎಂದು ಅವರನ್ನೇ ಗದರಿಸಿದ.

ಮಾಳಿಗೆಯ ಮೇಲೆ ಮಾತ್ರ ಅವನಿಗೆ ಬಹಳ ದಿನ ಏನೂ ಗೊತ್ತಾಗಲಿಲ್ಲ. ಆ ತಟ್ಟೆಗಳನ್ನೆಲ್ಲ ಅವನು ನೂರಾರು ಸಲ ಕೇಳಿದ್ದ. ಸೂಜಿ ಇಳಿದು ತಟ್ಟೆ ತಿರುಗಿತೆಂದರೆ ಕೆಮ್ಮಪ್ಪ ಅವನ ತಲೆಯೊಳಗೇ ಕೆಮ್ಮಿ ಊದಲು ಶುರುಮಾಡುತ್ತಿದ್ದ. ಕಿವಿಯಿಂದ ಬರುವುದೆಷ್ಟು, ನೆನಪಿನಿಂದ ಬರುವುದೆಷ್ಟು ಎಂದು ಅವನು ಎಂದೂ ತೂಗಿ ನೋಡಲಿಲ್ಲ. ತೊಡಕಾದದ್ದು ಖಾದರನೋ ನಿರ್ಮಲಾಳೋ ಹೊಸದೊಂದನ್ನು ತಂದಾಗ. ಮೊಬೈಲಿನಿಂದ ಸ್ಪೀಕರಿಗೆ ಹಚ್ಚಿ, ಕೇಳ್ರಿ ಸಾವಕಾರ್ರ ಎನ್ನುತ್ತಿದ್ದರು. ಅವನಿಗೆ ದೂರದಲ್ಲಿ ಎಲ್ಲೋ ಬೀಸುವ ಕಲ್ಲು ತಿರುಗಿದಂತೆ ಒಂದು ಗುಂಯ್‌ಗುಡುವಿಕೆ. ಅಷ್ಟೆ. ಮುಗಿದ ಮೇಲೆ ಮೂರು ಮುಖ ಅವನ ಕಡೆ ತಿರುಗುತ್ತಿದ್ದವು. ಗೊತ್ತಾಗಲಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. “ಉಸಿರಿಲ್ಲ ಇದರಾಗ. ಈಗಿನವರು ಬೆರಳಿಲೆ ಬಾರಸ್ತಾರ” ಎಂದುಬಿಡುತ್ತಿದ್ದ. ಹೇಳುತ್ತ ಹೇಳುತ್ತ ಅದನ್ನು ತಾನೇ ನಂಬಿದ. ಈಗಿನ ಸಂಗೀತದಲ್ಲಿ ಜೀವವಿಲ್ಲ, ಆದುದರಿಂದ ಕೇಳುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ಸಿದ್ದಾರೂಢ ಒಂದು ಕ್ಯಾಸೆಟ್ ತಂದ. ಹೊಸದಾಗಿ ಕಟ್ಟಿಸಿಕೊಂಡ ಹಲ್ಲುಸೆಟ್ಟಿನಿಂದಾಗಿ ಅವನ ಮಾತು ಸ್ವಲ್ಪ ತೊದಲುತ್ತಿತ್ತು. ಹಲ್ಲು ಹೋದ ಮೇಲೆ ಊದುವ ಮಾತೂ ಮುಗಿದಿತ್ತು. ವಾದ್ಯವನ್ನಂತೂ ನಿವೃತ್ತನಾದ ದಿನವೇ ರೆಜಿಮೆಂಟಿಗೆ ತಿರುಗಿ ಒಪ್ಪಿಸಿ ಬಂದಿದ್ದ. “ಒಂದ ಹಳೇದು ಸಿಕ್ಕತಿ. ಯಾರದು ಅಂತ ಕೇಳಬ್ಯಾಡ್ರಿ. ಸುಮ್ಮ ಕೇಳ್ರಿ” ಎಂದು ಖಾದರನ ಕೈಗೆ ಕೊಟ್ಟ. ಖಾದರ ಎಂದಿಲ್ಲದ ಜೋಪಾನದಿಂದ ಅದನ್ನು ಹಾಕಿದ.

ಅಂದಾನಪ್ಪ ಕಣ್ಣು ಮುಚ್ಚಿ ಕೂತ. ಗುಂಯ್‌ಗುಡುವಿಕೆ. ಅದರ ಮೇಲೆ ಒಂದಿಷ್ಟು ಗಾಳಿ ಸೋರಿದಂತೆ. ಯಾವ ವಾದ್ಯವೆಂಬುದೂ ಅವನಿಗೆ ತಿಳಿಯಲಿಲ್ಲ. ಮುಗಿಯಿತೆಂದು ಗೊತ್ತಾದದ್ದು ಖಾದರ ಎದ್ದು ಗುಂಡಿ ಒತ್ತಿದ್ದನ್ನು ಕಂಡಾಗ. ಸಿದ್ದಾರೂಢ ತನ್ನ ಮೊಣಕಾಲಿನ ಮೇಲಿನ ಎರಡೂ ಕೈಗಳನ್ನು ನೋಡುತ್ತ ಕೂತಿದ್ದ.

“ಬರೇ ಗಾಳಿ” ಎಂದ ಅಂದಾನಪ್ಪ. “ಊದತಾನ, ಖರೇ. ಆದರ ಉಸಿರಿಲ್ಲ. ಕಲತದ್ದನ್ನ ಒಪ್ಪಸಾಕ ಬಂದ ಸಾಲೀ ಹುಡುಗನ ಊದಾಟ.” ಆ ಹೋಲಿಕೆ ತನಗೇ ಚೆಂದ ಕಂಡು ಸ್ವಲ್ಪ ನಕ್ಕ.

ನಿರ್ಮಲಾ ಏನೋ ಹೇಳಲು ಬಾಯಿ ತೆರೆದವಳು, “ಹೌದ್ರಿ, ಸ್ವಲ್ಪ ಹಂಗ ಅನಸ್ತದ” ಎಂದಳು. ಖಾದರ ವೈರು ಸುತ್ತುತ್ತ ಕೂತ. ಸಿದ್ದಾರೂಢ ಕ್ಯಾಸೆಟ್ಟನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು, “ಇರಬೇಕು” ಎಂದಷ್ಟೇ ಹೇಳಿ, ಅಂದು ಚಹಾಕ್ಕೂ ನಿಲ್ಲದೆ ಬಸ್ಸಿನ ಹೊತ್ತಾಯಿತೆಂದು ಇಳಿದು ಹೋದ.

ಅದಾದ ಕೆಲವು ವಾರಕ್ಕೆ ಅಂದಾನಪ್ಪನ ಮಾನ ಹೋಯಿತು.

ಅಂದು ಕೆಮ್ಮಪ್ಪನ ತಟ್ಟೆ ಹಾಕಿದ್ದರು. ಚಳಿಗಾಲದ ಮಧ್ಯಾಹ್ನ, ಕಿಟಕಿಯ ಬಿಸಿಲು ಚೀಲಗಳ ಮೇಲೆ ಬಿದ್ದಿತ್ತು. ಅಂದಾನಪ್ಪ ಅರೆಗಣ್ಣಿನಲ್ಲಿ ತಿರುಗುವ ತಟ್ಟೆಯನ್ನೇ ನೋಡುತ್ತ ಬೆರಳಿನಿಂದ ತಾಳ ಹಾಕುತ್ತಿದ್ದ. ಎರಡನೆಯ ಹಾಡಿನ ನಡುವೆ ಆಂಪ್ಲಿಫಾಯರಿನ ಫ್ಯೂಸ್ ಸುಟ್ಟು ಸದ್ದು ನಿಂತುಹೋಯಿತು. ಪ್ಲೇಯರಿನ ವೈರು ಬೇರೆಯಾದ್ದರಿಂದ ತಟ್ಟೆ ಮಾತ್ರ ತಿರುಗುತ್ತಲೇ ಇತ್ತು. ಖಾದರ ಎದ್ದ. ಏಳುತ್ತಲೇ ಅಂದಾನಪ್ಪನ ಬೆರಳು ಕಂಡು ಅಲ್ಲಿಯೇ ನಿಂತ.

ಬೆರಳು ತಾಳ ಹಾಕುತ್ತಿತ್ತು. ತಲೆ ತೂಗುತ್ತಿತ್ತು. ಸದ್ದಿಲ್ಲದ ಮಾಳಿಗೆಯಲ್ಲಿ ಅಂದಾನಪ್ಪ ಕೈ ಎತ್ತಿ, “ಈಗ ನೋಡ್ರಿ. ಈಗ ಮ್ಯಾಲೆ ಹೋಗತಾನ. ಹೋದ... ಹಾಂ. ಇಂಥಾ ಜಾಗಾ ಇನ್ನೊಬ್ಬಾಂವಗ ಸಿಗೂದಿಲ್ಲ” ಎಂದ. ಅವನ ಕಣ್ಣಂಚಿನಲ್ಲಿ ನೀರು ಬಂದಿತ್ತು.

ಅದೇ ಹೊತ್ತಿಗೆ ಚಹಾದ ಕಪ್ಪುಗಳನ್ನು ಹಿಡಿದು ಮೆಟ್ಟಿಲೇರಿ ಬಂದ ಅನಿಲಕುಮಾರ, “ಯಾಕ್ರಿ, ಇವತ್ತ ಹಾಡು ಹಚ್ಚಿಲ್ಲೇನು?” ಎಂದ. ಅಂದಾನಪ್ಪನಿಗೆ ಮಗನ ಮಾತೂ ಕೇಳಿಸಲಿಲ್ಲ; ಆದರೆ ಅವನ ತುಟಿ ಅಲುಗಿದ್ದು ಕಂಡಿತು. ಮುಖಗಳು ಕಂಡವು. ಖಾದರ ನೆಲ ನೋಡುತ್ತಿದ್ದ. ನಿರ್ಮಲಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಸಿದ್ದಾರೂಢ ಮಾತ್ರ ಅವನನ್ನು ನೇರವಾಗಿ ನೋಡುತ್ತಿದ್ದ, ಮೊದಲ ಸಲ ಕಂಡವನನ್ನು ನೋಡುವ ಹಾಗೆ. ಅಂದಾನಪ್ಪ ತಿರುಗಿ ಆಂಪ್ಲಿಫಾಯರಿನ ಕಡೆ ನೋಡಿದ. ಅದರ ಕೆಂಪು ದೀಪ ಆರಿತ್ತು.

ಎತ್ತಿದ ಕೈಯನ್ನು ಇಳಿಸುವುದೇ ಅವನಿಗೆ ಕಷ್ಟವಾಯಿತು. ಇಳಿಸಿ, ಎದ್ದು, “ಕೆಳಗ ಒಂದ ಸ್ವಲ್ಪ ಕೆಲಸ ಐತಿ” ಎಂದು ಚಹಾ ಹಿಡಿದ ಮಗನ ಪಕ್ಕದಿಂದ ಜಾರಿ ಮೆಟ್ಟಿಲಿಳಿದ. ರವಿವಾರ ಮುಚ್ಚಿದ ಅಂಗಡಿಯಲ್ಲಿ ಅವನಿಗೆ ಏನು ಕೆಲಸ? ಎಲ್ಲರಿಗೂ ಗೊತ್ತಿತ್ತು. ಚಪ್ಪಲಿ ಮೇಲೆಯೇ ಉಳಿಯಿತು. ಬರಿಗಾಲಲ್ಲಿ ಮನೆಗೆ ನಡೆದ.

ಮುಂದಿನ ರವಿವಾರ ಅವನು ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಪೇಟೆಯಲ್ಲಿ ಕಾಳು ಕಡಿದು ಮಾತು ಹೇಳುವಾಗಲೂ ನಾಲಿಗೆ ತಡೆಯುತ್ತಿತ್ತು. ಎದುರಿನವನು ನಕ್ಕರೆ ಅದು ತನ್ನ ಕುರಿತೇ ಎನ್ನಿಸುತ್ತಿತ್ತು. ಖಾದರ ಚಪ್ಪಲಿ ತಂದುಕೊಟ್ಟು, “ಆಂಪ್ಲಿಫಾಯರ್ ತಪ್ಪರೀ ಸಾವಕಾರ್ರ, ಹಳೇ ಫ್ಯೂಸ್ ಹಾಕಿದ್ದೆ” ಎಂದ. ತಾನೇ ತಪ್ಪು ಮಾಡಿದವನಂತೆ ಅವನು ಹೇಳಿದ್ದು ಅಂದಾನಪ್ಪನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಮನೆಯಲ್ಲಿ ಚನ್ನವ್ವ ಮಾತ್ರ ಏನೂ ಕೇಳಲಿಲ್ಲ. ಊಟಕ್ಕೆ ಕರೆಯಲು ದೂರದಿಂದ ಕೂಗುವುದನ್ನು ಬಿಟ್ಟು ಹತ್ತಿರ ಬಂದು ತೋಳು ಮುಟ್ಟಿ ಕರೆಯುತ್ತಿದ್ದಳು. ಎಷ್ಟು ದಿನದಿಂದ ಹಾಗೆ ಕರೆಯುತ್ತಿದ್ದಳೋ, ಅವನು ಅದನ್ನು ಗಮನಿಸಿದ್ದು ಈಗ.

ಒಂದು ಸಂಜೆ ನಿರ್ಮಲಾ ದವಾಖಾನೆಯಿಂದ ನೆಟ್ಟಗೆ ಅವನ ಮನೆಗೆ ಬಂದಳು. ಚನ್ನವ್ವ ಹಾಕಿದ ಕುರ್ಚಿಯನ್ನು ಎಳೆದು ಅವನಿಗೆ ಎದುರಾಗಿ, ತುಟಿ ಕಾಣುವಂತೆ ಕೂತಳು.

“ಗದಗಕ್ಕ ಹೋಗಿ ಕಿವಿ ತೋರಸ್ರಿ. ಮಷೀನ್ ಬರತಾವ. ಇದರಾಗ ನಾಚಿಕಿ ಪಡೂದೇನೈತಿ? ವಯಸ್ಸಾದಂಗ ಎಲ್ಲಾರಿಗೂ ಆಗೂದ.”

“ಕಿವಿ ಹೋದದ್ದಕ್ಕ ನಾಚಿಕಿ ಇಲ್ಲವ್ವಾ” ಎಂದ ಅಂದಾನಪ್ಪ. “ನಿನಗ ಮದಲ ಗೊತ್ತಿತ್ತೇನು?”

ನಿರ್ಮಲಾ ತಲೆ ತಗ್ಗಿಸಿದಳು. “ಸಂಶೇ ಇತ್ತರಿ. ದಿನಾ ಇಂಥಾವರನ್ನ ನೋಡತೀನಿ. ನಿಮಗ ಹ್ಯಾಂಗ ಹೇಳೂದು ಅಂತ ಬಿಟ್ಟೆ.”

“ಹಂಗಾರ ನಾ ಬರೋಬ್ಬರಿ ಇಲ್ಲ ಅಂದದ್ದರಾಗ ಬರೋಬ್ಬರಿ ಇದ್ದವೂ ಇದ್ದುವೇನು?”

ಅವಳು ಒಳಗಿನ ಬಾಗಿಲ ಕಡೆ ನೋಡಿದಳು, ಚನ್ನವ್ವ ಕೇಳಿಸಿಕೊಳ್ಳುತ್ತಿದ್ದಾಳೋ ಎಂಬಂತೆ. “ಇದ್ದುವು. ಸಿದ್ದಾರೂಢಣ್ಣ ತಂದ ಕ್ಯಾಸೆಟ್ ನನಗ ಭಾಳ ಹಿಡಿಸಿತ್ತು. ಯಾರೋ ಮನೀಗೆ ಹೋಗಾಕ ಮನಸ್ಸಿಲ್ಲದಾಂವ ಊದಿದಂಗ ಇತ್ತು. ಹೇಳಬೇಕಂತ ಬಾಯಿ ತೆಗದಿದ್ದೆ. ನೀವು ಹಂಗಂದ ಮ್ಯಾಲೆ, ನನಗ ತಿಳಿಯೂದಿಲ್ಲೇನೋ ಅಂತ ನಾನೂ ಹೂಂ ಅಂದೆ. ಅದು ನನ್ನ ತಪ್ಪು.”

ಅವಳು ಹೋದ ಮೇಲೆ ಅಂದಾನಪ್ಪನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಒಮ್ಮೆ ಆ ಕ್ಯಾಸೆಟ್ಟನ್ನು ಹೆಡ್‌ಫೋನಿನಲ್ಲಿ ದೊಡ್ಡದಾಗಿ ಕೇಳಿಬಿಡಬೇಕು, ಕೇಳಿ ನನ್ನ ಮಾತು ತಪ್ಪು ಎಂದು ಎಲ್ಲರೆದುರು ಹೇಳಿಬಿಡಬೇಕು ಎಂದುಕೊಂಡ. ಮರುದಿನ ಖಾದರನ ಅಂಗಡಿಗೆ ಹೋದ. ಸ್ಪೀಕರುಗಳ ನಡುವೆ ಸಣ್ಣ ಸ್ಟೂಲಿನ ಮೇಲೆ ಕೂತು ಏನನ್ನೋ ಬೆಸೆಯುತ್ತಿದ್ದ ಖಾದರ, ಕ್ಯಾಸೆಟ್ಟಿನ ಮಾತು ಬಂದೊಡನೆ ಕೈಯ ಕೆಲಸ ನಿಲ್ಲಿಸಿದ.

“ನನ್ನ ಕಡೆ ಇಲ್ರಿ ಅದು. ಸಿದ್ದಾರೂಢಣ್ಣನ ಕಡೇನ ಇತ್ತು.”

“ಯಾರದದು? ನಿನಗ ಗೊತ್ತೈತಿ. ಅವತ್ತ ನೀ ಅದನ್ನ ಹಾಕಿದ ರೀತಿ ನೋಡೇನಿ.”

ಖಾದರ ಕೈಲಿದ್ದುದನ್ನು ಕೆಳಗಿಟ್ಟ. “ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದ. ಅದು ಅವಂದ ರೀ. ರಿಟೈರ್ ಆಗೂ ಮುಂದ ಕಡೇ ಸಂಜಿ ಬಾರಿಸಿದ್ದಂತ. ಅವರ ಬ್ಯಾಂಡ್ ಮಾಸ್ತರ ಅದನ್ನ ರೆಕಾರ್ಡ್ ಮಾಡಿ ಕೊಟ್ಟಿದ್ರಂತ. ಇಷ್ಟ ವರ್ಷ ಪೆಟ್ಟಿಗ್ಯಾಗ ಇಟ್ಟಿದ್ದ. ಯಾರಿಗೂ ಕೇಳಿಸಿದ್ದಿಲ್ಲ. ಹಲ್ಲ ಹೋದ ಮ್ಯಾಲೆ, ಈಗರ ಕೇಳಸೂಣು ಅನಿಸಿತಂತ. ರೀಲು ಸ್ವಚ್ಛ ಮಾಡಿ ಕೊಟ್ಟಾಂವ ನಾ.”

ಅಂದಾನಪ್ಪ ಅಲ್ಲಿದ್ದ ಸ್ಪೀಕರಿನ ಮೇಲೆ ಕೈಯೂರಿ ನಿಂತ. ಸಾಲೀ ಹುಡುಗನ ಊದಾಟ ಎಂದು ತಾನು ನಕ್ಕಿದ್ದು ನೆನಪಾಗಿ ಕಿವಿಯ ತುದಿ ಬಿಸಿಯಾಯಿತು. ಖಾದರ ಕೊಟ್ಟ ನೀರನ್ನೂ ಕುಡಿಯದೆ ಸ್ಕೂಟರ್ ಹತ್ತಿ ಚಿಕ್ಕನರಗುಂದದ ದಾರಿ ಹಿಡಿದ.

ಸಿದ್ದಾರೂಢ ಹೊಲದಲ್ಲಿದ್ದ. ಎರೆ ಹೊಲದಲ್ಲಿ ಬಿಳಿಜೋಳ ಆಳೆತ್ತರ ನಿಂತು ತೆನೆ ಹಾಲುಗಾಳು ಕಟ್ಟಿತ್ತು. ಅವನು ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ. ಹೊಲದ ಈ ತುದಿಯಿಂದ ಆ ತುದಿಗೆ ಗೂಟದಿಂದ ಗೂಟಕ್ಕೆ ಕ್ಯಾಸೆಟ್ಟಿನ ಕಂದು ಪಟ್ಟಿ ಎಳೆದು ಕಟ್ಟಿತ್ತು. ಗಾಳಿಗೆ ಅದು ನಡುಗಿ ಬಿಸಿಲಿಗೆ ಮಿಂಚುತ್ತಿತ್ತು. ಹಕ್ಕಿ ಬೆದರಿಸಲು ಆ ಕಡೆ ಬಹಳ ಮಂದಿ ಹಾಗೆ ಕಟ್ಟುತ್ತಾರೆ. ಗಾಳಿ ಬೀಸಿದಾಗ ಸಣ್ಣಗೆ ಗುಂಯ್ಯೆಂದು ದನಿ ಮಾಡುತ್ತದೆಂದು ಗಿಳಿಗಳು ಹತ್ತಿರ ಬರುವುದಿಲ್ಲ. ಅಂದಾನಪ್ಪನಿಗೆ ಆ ದನಿ ಕೇಳಲಿಲ್ಲ. ಆದರೆ ನೋಡುತ್ತ ನೋಡುತ್ತ ಅವನ ಕಾಲು ಬದುವಿನ ಮೇಲೆ ನಿಂತಿತು.

ಸಿದ್ದಾರೂಢ ಇಳಿದು ಬಂದ. ಅಂದಾನಪ್ಪ ಪಟ್ಟಿಯ ಕಡೆ ಕೈ ತೋರಿಸಿದ.

“ಹೂಂ, ಅದ” ಎಂದ ಸಿದ್ದಾರೂಢ. “ಮನ್ಯಾಗ ಇದ್ದು ಏನ ಮಾಡೂದಿತ್ತು. ಇಲ್ಲೆ ಒಂದಿಷ್ಟು ಉಪಯೋಗಕ್ಕ ಬಂತು.”

“ನಿಂದು ಅಂತ ಯಾಕ ಹೇಳಲಿಲ್ಲೋ?”

“ಹೇಳಿದ್ರ ನೀ ಚಲೋ ಐತಿ ಅಂತಿದ್ದಿ. ನನಗ ಖರೇ ಮಾತ ಬೇಕಾಗಿತ್ತು.” ಅವನು ಕವಣೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಹೇಳಿದ. “ಹೊಟ್ಟೀಪಾಡಿಗೆ ಮಂದೀ ಹೇಳಿದ್ದ ಊದಿಕೋತ ಬಂದಾಂವ ನಾ. ಅದೊಂದ ಸಂಜಿ ಮಾಸ್ತರು, ಇವತ್ತ ನಿನಗ ತಿಳದಂಗ ಊದು ಅಂದ್ರು. ನನಗ ತಿಳದದ್ದು ಅಂದ್ರ ಅದೊಂದ. ಅದು ಬರೋಬ್ಬರಿ ಇತ್ತೋ ಇಲ್ಲೋ ಅಂತ ಇಷ್ಟ ವರ್ಷ ಕೇಳಾಕ ಅಂಜಿದ್ದೆ. ನೀ ಹೇಳಿದಿ. ಮುಗೀತು.”

“ನನಗ ಕೇಳಿಸೇ ಇರಲಿಲ್ಲ” ಎಂದ ಅಂದಾನಪ್ಪ. ತನ್ನ ದನಿ ಎಷ್ಟು ದೊಡ್ಡದಾಯಿತೆಂದು ಅವನಿಗೆ ಗೊತ್ತಾಗಲಿಲ್ಲ. ಜೋಳದಿಂದ ಗುಬ್ಬಿಯ ಹಿಂಡೊಂದು ಎದ್ದು ಹಾರಿತು. “ಊದಿದ್ದು ಸ್ಯಾಕ್ಸೋಫೋನ್ ಅಂತನೂ ಗೊತ್ತಾಗಲಿಲ್ಲೋ ನನಗ. ಬಾಯಿಗೆ ಬಂದದ್ದ ಅಂದೆ.”

“ಅದು ಫ್ಯೂಸ್ ಹೋದ ದಿವಸ ನನಗ ತಿಳೀತು. ಆದರ ಅಷ್ಟೊತ್ತಿಗೆ ಇದನ್ನ ಕಟ್ಟಿ ಆಗಿತ್ತು.”

“ನಿರ್ಮಲಾಗ ಭಾಳ ಹಿಡಿಸಿತ್ತಂತ.”

“ಆಕಿನೂ ಅವತ್ತ ಹೇಳಲಿಲ್ಲ.”

ಸಿದ್ದಾರೂಢ ಪಟ್ಟಿಯನ್ನು ಒಮ್ಮೆ ಬೆರಳಿನಿಂದ ಮುಟ್ಟಿದ. ಬಿಸಿಲಿಗೂ ಮಂಜಿಗೂ ಅದರ ಬಣ್ಣ ಬಿಟ್ಟು, ಅಲ್ಲಲ್ಲಿ ಹರಿದದ್ದನ್ನು ಗಂಟು ಹಾಕಿದ್ದ. ಇನ್ನು ಅದನ್ನು ಯಾವ ಮಷೀನಿಗೂ ಹಾಕಲಾಗದೆಂದು ಇಬ್ಬರಿಗೂ ಗೊತ್ತಿತ್ತು. ಅವನ ಮುಖದಲ್ಲಿ ಮೊದಲ ಬಾರಿಗೆ ಸಿಟ್ಟು ಕಂಡಿತು.

“ಹಂಗಾರ ಅದು ಹ್ಯಾಂಗಿತ್ತೋ, ಅಂದಾನಪ್ಪ? ಈಗ ಹೇಳು.”

“ನನಗ ಗೊತ್ತಿಲ್ಲ.”

“ಅಷ್ಟ. ಈ ಮಾತ ಅವತ್ತ ಅಂದಿದ್ರ ಸಾಕಿತ್ತು” ಎಂದು ಸಿದ್ದಾರೂಢ ತಿರುಗಿ ಅಟ್ಟಣಿಗೆ ಹತ್ತಿದ. ಅಂದಾನಪ್ಪ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದ. ಮೇಲಿನಿಂದ ಇನ್ನೊಂದು ಮಾತು ಬರಬಹುದೆಂದು ಕಾದ. ಬಂದಿದ್ದರೂ ಅವನಿಗೆ ಕೇಳುತ್ತಿರಲಿಲ್ಲ. ಕವಣೆಯ ಕಲ್ಲುಗಳು ಬೇರೆ ಬೇರೆ ದಿಕ್ಕಿಗೆ ಹೋಗುವುದನ್ನು ನೋಡಿ ಸ್ಕೂಟರ್ ತಿರುಗಿಸಿದ.

ಆ ವಾರವೇ ಚನ್ನವ್ವನನ್ನು ಕರೆದುಕೊಂಡು ಗದಗಿಗೆ ಹೋದ. ಡಾಕ್ಟರು ಎರಡೂ ಕಿವಿಗೆ ಮಷೀನ್ ಹಾಕಿದರು. ಬಸ್ಸಿನಲ್ಲಿ ಬರುವಾಗ ಚನ್ನವ್ವನ ಬಳೆಯ ಸದ್ದು ಕೇಳಿತು. ಅವನು ಬಳೆ ನೋಡಿದ್ದನ್ನು ಕಂಡು ಚನ್ನವ್ವ, “ಕೇಳತಾವೇನು?” ಎಂದಳು. ಕೇಳುತ್ತಿದ್ದವು. ಆದರೆ ಮನೆಗೆ ಬಂದು ಮೊಬೈಲಿನಲ್ಲಿ ಕೆಮ್ಮಪ್ಪನನ್ನು ಹಚ್ಚಿದರೆ, ತಗಡಿನ ಮೇಲೆ ಮೊಳೆ ಎಳೆದಂತೆ ಇತ್ತು. ಮಷೀನು ಮಾತಿಗಾಗಿ ಮಾಡಿದ್ದು, ಸಂಗೀತಕ್ಕೆ ಅಷ್ಟಕ್ಕಷ್ಟೆ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ತಲೆಯೊಳಗೆ ಅಷ್ಟು ವರ್ಷ ಊದಿದ ಕೆಮ್ಮಪ್ಪ ಇವನಲ್ಲ ಎನ್ನಿಸಿ ನಿಲ್ಲಿಸಿಬಿಟ್ಟ.

ಮುಂದಿನ ರವಿವಾರ ಮಾಳಿಗೆ ಹತ್ತಿದ. ಖಾದರ, ನಿರ್ಮಲಾ ಇಬ್ಬರೇ ಇದ್ದರು. ಅಂದಾನಪ್ಪ ಕೂಡುವ ಮೊದಲೇ, ನಿಂತುಕೊಂಡೇ ಹೇಳಿದ. “ಎರಡ ಮೂರ ವರ್ಷದಿಂದ ನನಗ ಕೇಳತಿರಲಿಲ್ಲ. ಕೇಳಿದಂಗ ಮಾಡಿ ಮಾತ ಹೇಳೇನಿ. ನೀವು ತಂದದ್ದನ್ನೆಲ್ಲ ಕೇಳದ ಒಗದೇನಿ.”

“ಕುಂದ್ರರಿ ಸಾವಕಾರ್ರ” ಎಂದ ಖಾದರ. ಅಂದು ಯಾರೂ ತಟ್ಟೆ ಹಾಕಲಿಲ್ಲ. ಖಾದರ ಸುಮ್ಮನೆ ಮದುವೆಯ ಬಾಡಿಗೆಯ ಮಾತು ತೆಗೆದ, ನಿರ್ಮಲಾ ದವಾಖಾನೆಯ ಮಾತು ತೆಗೆದಳು. ಆ ಮೇಲಿನ ರವಿವಾರಗಳಲ್ಲಿ ತಟ್ಟೆ ಹಾಕಿದರು. ಮುಗಿದ ಮೇಲೆ ಹಳೆಯ ರೂಢಿಯಂತೆ ಇಬ್ಬರ ಕಣ್ಣೂ ಅವನ ಕಡೆ ಹೊರಳಿ, ಅರ್ಧಕ್ಕೆ ನಿಂತು, ಬೇರೆ ಕಡೆ ಹೋಗುತ್ತಿದ್ದವು. ಹಾಗೆ ಅರ್ಧಕ್ಕೆ ನಿಲ್ಲುವ ಕಣ್ಣು ಅಂದಾನಪ್ಪನಿಗೆ ಪ್ರತಿ ಸಲ ಹೊಸದಾಗಿ ಚುಚ್ಚುತ್ತಿತ್ತು. ಸಿದ್ದಾರೂಢ ಬರಲಿಲ್ಲ.

ಜೋಳದ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಸಿದ್ದಾರೂಢ ಮೆಟ್ಟಿಲೇರಿ ಬಂದ. ಯಾರನ್ನೂ ಮಾತಾಡಿಸದೆ ತನ್ನ ಮೂಲೆಯ ಚೀಲದ ಮೇಲೆ ಕೂತ. ನಿರ್ಮಲಾ ತಂದ ಹೊಸದೊಂದನ್ನು ಖಾದರ ಹಚ್ಚಿದ. ಮುಗಿಯಿತು. ಸಿದ್ದಾರೂಢ ನಿರ್ಮಲಾಳ ಕಡೆ ತಿರುಗಿ, “ನೀವು ಹೇಳ್ರಿ ಅಕ್ಕಾರ” ಎಂದ.

ನಿರ್ಮಲಾ ತಡವರಿಸಿದಳು. ಪಿಯಾನೋದವನು ಬಹಳ ಅವಸರ ಮಾಡಿದ, ಹಾಡುವವಳನ್ನು ಹಿಂದೆ ಬಿಟ್ಟು ಓಡಿದ ಎಂದಳು. ಖಾದರ ಇಲ್ಲವೆಂದ. ಅವಳೇ ಬೇಕೆಂದು ಹಿಂದೆ ಉಳಿದಳು, ಅದೇ ಅದರ ಚೆಂದ ಎಂದ. ಇಬ್ಬರೂ ಜಗಳಕ್ಕೇ ಬಿದ್ದರು. ಅಂದಾನಪ್ಪ ಅವರ ತುಟಿಗಳನ್ನು ನೋಡುತ್ತ ಕೂತಿದ್ದ. ಹೇಳುವ ಹಂಬಲ ಇನ್ನೂ ಒಳಗೆ ಇತ್ತು. ಬಾಯಿಯವರೆಗೂ ಬಂತು, ನುಂಗಿಕೊಂಡ.

“ನಿನಗ?” ಎಂದ ಸಿದ್ದಾರೂಢ, ಅವನ ಕಡೆ ನೋಡದೆ. ಅಂದಾನಪ್ಪನಿಗೆ ತಿಳಿಯಲಿಲ್ಲ. ಸಿದ್ದಾರೂಢ ಈ ಸಲ ಮುಖ ತಿರುಗಿಸಿ ಮತ್ತೆ ಕೇಳಿದ, “ನಿನಗ ಹ್ಯಾಂಗ ಅನಿಸ್ತೋ?”

“ಡ್ರಮ್ ಕೇಳಿಸ್ತು. ಬಾಸ್ ಸ್ವಲ್ಪ. ಉಳದದ್ದು ಗೊತ್ತಾಗಲಿಲ್ಲ.”

ಅದನ್ನು ಹೇಳುವಾಗ ಅವನ ತಲೆ ತಾನಾಗಿ ತಗ್ಗಿತು. ಕ್ಷಮಿಸೆಂದು ಸಿದ್ದಾರೂಢನನ್ನು ಅವನು ಕೇಳಿರಲಿಲ್ಲ. ಕೇಳುವ ಮುಖ ತನಗಿಲ್ಲವೆಂದೇ ಅವನ ಭಾವನೆಯಾಗಿತ್ತು. ಸಿದ್ದಾರೂಢನೂ ಕ್ಷಮಿಸಿದೆ ಎಂದು ಎಂದೂ ಹೇಳಲಿಲ್ಲ. ಅಂದು ಅವನು ಎದ್ದು, ಸ್ಪೀಕರಿನ ಪಕ್ಕದಲ್ಲಿದ್ದ ಕಡಲೆಯ ಚೀಲವನ್ನು ಕಾಲಿನಿಂದ ಆಚೆ ಸರಿಸಿ ಇಬ್ಬರಿಗೆ ಜಾಗ ಮಾಡಿ ತಾನೂ ಅಲ್ಲೇ ಕೂತ.

“ಅಲ್ಲಿ ಕುಂತ್ರ ಏನ ಕೇಳತೈತಿ ನಿನಗ. ಇಲ್ಲೆ ಬಂದ ಕುಂದ್ರು” ಎಂದು, “ಖಾದರ, ಅದನ್ನ ಮತ್ತೊಮ್ಮೆ ಹಚ್ಚೋ” ಎಂದ.

ಅಂದಾನಪ್ಪ ಎದ್ದು ಹೋಗಿ ಅವನ ಪಕ್ಕಕ್ಕೆ ಕೂತ. ಹಾಡು ಮುಗಿಯುವವರೆಗೂ ಕಣ್ಣೆತ್ತಿ ಅವನ ಮುಖ ನೋಡಲಿಲ್ಲ.